ಕೈ ಕಟ್ಟಿಸಿ ಕಲಿಸಿದ ಫೋರ್‌ಮನ್

ಅವರ ಬಲಗೈಯ ತೋರುಬೆರಳು ಮೊದಲ ಗೆಣ್ಣಿಗೇ ಮುಗಿದುಹೋಗಿತ್ತು. ಆ ಮೋಟು ಬೆರಳನ್ನು ಎತ್ತಿ ಯಾರತ್ತ ತೋರಿಸಿದರೂ, ಇಲ್ಲದ ಭಾಗ ನೇರವಾಗಿ ಎದೆಗೇ ಬಂದು ಚುಚ್ಚಿದಂತಾಗುತ್ತಿತ್ತು. ಬೆಂಗಳೂರಿನ ಅಂಚಿನ ನಮ್ಮ ಸಿಂಗಾಪುರ ಬಡಾವಣೆ ಇನ್ನೂ ಹಳ್ಳಿಯಾಗಿದ್ದ ಕಾಲದಿಂದ ಅಲ್ಲೇ ಇದ್ದ ಮನೆತನದವರು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ವಿಭಾಗದ ಫೋರ್‌ಮನ್ ಆಗಿ ನಿವೃತ್ತರಾದವರು. ಬಡಾವಣೆಯಲ್ಲಿ ಎಲ್ಲರಿಗೂ ಅವರು ಕೊನೆಯವರೆಗೆ ಫೋರ್‌ಮನ್ನರೇ.

ನಾನಾದರೋ ಬಡಾವಣೆಯ ಕಂಪ್ಯೂಟರ್ ಬಳಕೆದಾರರ ಬಳಗದ ಕಾರ್ಯದರ್ಶಿ. ಪ್ರತಿ ಭಾನುವಾರ ನಿವಾಸಿಗಳ ಸಂಘದ ಕೋಣೆಯಲ್ಲಿ ಆರು ಹಳೆಯ ಕಂಪ್ಯೂಟರುಗಳ ನಡುವೆ ಸಭೆ ಸೇರಿ, ಯಾವ ಪ್ರಿಂಟರ್ ಉತ್ತಮ ಎಂಬ ವಿಷಯದಲ್ಲಿ ಒಮ್ಮತಕ್ಕೆ ಬಾರದೆ ಚದುರುವುದು ಬಳಗದ ಘನ ಕಾರ್ಯ. ಇದನ್ನು ವರ್ಷಗಟ್ಟಲೆ ಸಹಿಸಿದ ಸಂಘದ ಅಧ್ಯಕ್ಷರು, ಕೋಣೆಯನ್ನು ಕೇರಂ ಆಡುವವರಿಗೆ ಕೊಟ್ಟುಬಿಡುವುದಾಗಿ ಘೋಷಿಸಿದರು. ನಾವು ಅಂಗಲಾಚಿದ ಮೇಲೆ ಎಂಟು ಭಾನುವಾರಗಳ ಗಡುವು ಸಿಕ್ಕಿತು. ಅಷ್ಟರಲ್ಲಿ ಊರವರಿಗೆ ಉಚಿತವಾಗಿ ಕಂಪ್ಯೂಟರ್ ಕಲಿಸಬೇಕು. ಕೊನೆಯ ದಿನ ಅಧ್ಯಕ್ಷರು ಯಾರನ್ನು ಎಬ್ಬಿಸಿದರೂ ಅವರು ತಾವಾಗಿಯೇ ಒಂದು ಪತ್ರ ಟೈಪು ಮಾಡಿ ಪ್ರಿಂಟ್ ತೆಗೆಯಬೇಕು. ಇಲ್ಲವಾದರೆ ಕೇರಂ.

ಮೊದಲ ಭಾನುವಾರ ಅಮೋಘವಾಗಿ ನಡೆಯಿತೆಂದೇ ನಾವು ಭಾವಿಸಿದೆವು. ಮೌಸ್ ಹಿಡಿಯಲು ಬಾರದವರ ಮೌಸನ್ನು ನಾವೇ ಹಿಡಿದೆವು. ಅಕ್ಷರ ಸಿಗದವರ ಅಕ್ಷರವನ್ನು ನಾವೇ ಒತ್ತಿದೆವು. ಎಲ್ಲರ ಪತ್ರವೂ ಪ್ರಿಂಟಾಗಿ ಹೊರಬಂತು. ಖಾರಾಬಾತ್ ತಿಂದು ಪರಸ್ಪರ ಅಭಿನಂದಿಸಿಕೊಂಡೆವು. ಮುಂದಿನ ವಾರ ಅದೇ ಜನ, ನೆಂಟರಿಷ್ಟರ ಅರ್ಜಿಗಳನ್ನೂ ನಮ್ಮಿಂದಲೇ ಮಾಡಿಸಿಕೊಂಡು ಹೋಗಲು ಬಂದು ನಿಂತರು.

ಫೋರ್‌ಮನ್ನರು ಅವತ್ತು ಕಲಿಯಲೆಂದು ಬಂದವರು. ಒಂದು ಗಂಟೆ ಹಿಂದೆ ಕುಳಿತು ನೋಡಿದರು. ಆಮೇಲೆ ಎದ್ದು ಬಂದು, ನನ್ನ ಕೈಯಿಂದ ಮೌಸ್ ಬಿಡಿಸಿದರು.

“ನೀವ್ ಚೆನ್ನಾಗ್ ಕಲೀತಿದ್ದೀರ ಸ್ವಾಮಿ. ಇವ್ರಿಗ್ ಯಾವಾಗ ಕಲಿಸ್ತೀರ?”

ಕಂಪ್ಯೂಟರಿನ ಗಂಧಗಾಳಿಯಿಲ್ಲದ ಆ ಮನುಷ್ಯ ಅಲ್ಲಿಂದಾಚೆಗೆ ನಮ್ಮ ತರಬೇತಿಯ ಯಜಮಾನರಾದರು. ಅವರ ಶಾಸನ ಒಂದೇ: ಕಲಿಸುವವರು ಕುರ್ಚಿಯ ಹಿಂದೆ, ಬೆನ್ನ ಹಿಂದೆ ಕೈ ಕಟ್ಟಿಕೊಂಡು ನಿಲ್ಲಬೇಕು. ಬಾಯಿಗೆ ಅನುಮತಿ ಉಂಟು, ಕೈಗಿಲ್ಲ. ಇದು ತಮ್ಮ ವಿದ್ವತ್ತಿಗೆ ಅಪಮಾನವೆಂದು ನಮ್ಮ ಹಿರಿಯ ಇಂಜಿನಿಯರೊಬ್ಬರು ರಾಜೀನಾಮೆಗೆ ಮುಂದಾದರು. ಧಾರಾಳವಾಗಿ ಕೊಡಿ, ಆದರೆ ಅದನ್ನು ಟೈಲರಮ್ಮನ ಕೈಯಲ್ಲಿ ಟೈಪು ಮಾಡಿಸಿ ಕೊಡಿ ಎಂದರು ಫೋರ್‌ಮನ್ನರು. ನಮ್ಮ ಬೀದಿಯಲ್ಲೇ ಬ್ಲೌಸ್ ಹೊಲಿಯುತ್ತಿದ್ದ ಆಕೆಗೆ ಇಂಜಿನಿಯರು ಕೈ ಕಟ್ಟಿಕೊಂಡು ಒಂದೊಂದೇ ಅಕ್ಷರ ಹೇಳಿದರು. ಮಧ್ಯಾಹ್ನದ ಹೊತ್ತಿಗೆ ಟೈಲರಮ್ಮನಿಗೆ ಒತ್ತಕ್ಷರಗಳೆಲ್ಲ ಬಂದಿದ್ದವು. ಇಂಜಿನಿಯರಿಗೆ ರಾಜೀನಾಮೆ ಮರೆತುಹೋಗಿತ್ತು.

ಈ ಕೈಕಟ್ಟಿನ ಮೂಲವೇನೆಂದು ಒಮ್ಮೆ ಕಾಫಿ ಕುಡಿಯುವಾಗ ಕೇಳಿದೆ. ಲೇತ್ ಕಲಿಯಲು ಬಂದ ಹೊಸಬನೊಬ್ಬ ತಪ್ಪು ಮಾಡುತ್ತಿದ್ದಾನೆಂದು, ತಿರುಗುತ್ತಿದ್ದ ಯಂತ್ರಕ್ಕೆ ಇವರೇ ಕೈ ಹಾಕಿದ್ದರಂತೆ.

“ಅವನ್ಗೇನೂ ಆಗ್ಲಿಲ್ಲ. ಆಫ್ ಮಾಡೋ ಅಂತ ಬಾಯಲ್ಲಿ ಏಳಿದ್ರೆ ಸಾಕಿತ್ತು. ಗೊತ್ತಿರೋನ್ ಕೈ ಸುಮ್ನಿರಲ್ಲ ಸ್ವಾಮಿ, ಅದೇ ರೋಗ.”

ಎಂಟನೆಯ ಭಾನುವಾರ ಅಧ್ಯಕ್ಷರು ಗಂಭೀರವದನರಾಗಿ ಬಂದರು. ಬಾಗಿಲಲ್ಲಿ ಇಬ್ಬರು ಕೇರಂ ಬೋರ್ಡನ್ನು ಮುಂಗಡವಾಗಿಯೇ ಹೊತ್ತು ನಿಂತಿದ್ದರು. ಅಧ್ಯಕ್ಷರು ಟೈಲರಮ್ಮನನ್ನು ಎಬ್ಬಿಸಿದರು. ಆಕೆ ಕುಳಿತು, ಸೂಜಿಗೆ ದಾರ ಪೋಣಿಸುವಷ್ಟು ನಿಧಾನವಾಗಿ ಶುರು ಮಾಡಿದರು. ಅರ್ಧ ಪುಟ ಆಗಿತ್ತು. ಏನು ಒತ್ತಿದರೋ, ಪರದೆ ಬೆಳ್ಳಗಾಯಿತು.

“ಎಲ್ಲಾ ಹೋಯ್ತಲ್ಲಣ್ಣ.”

ನನ್ನ ಕೈ ಆಗಲೇ ಬೆನ್ನ ಹಿಂದಿನಿಂದ ಹೊರಟಿತ್ತು. ಫೋರ್‌ಮನ್ನರು ಅದನ್ನು ಮಣಿಕಟ್ಟಿನಲ್ಲೇ ಹಿಡಿದು ನಿಲ್ಲಿಸಿದರು. ಲೇತ್ ಹಿಡಿದು ಪಳಗಿದ ಕೈ, ನೋವಾಯಿತು.

“ಓದ್ರೆ ಓಗ್ಲಿ ಬಿಡಮ್ಮ. ವಾಪಸ್ ತರೋದು ನಿಂಗೊತ್ತೈತಲ್ಲ.”

ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, ಕೀಲಿಮಣೆಯನ್ನೇ ದಿಟ್ಟಿಸಿದರು. ಕೇರಂ ಬೋರ್ಡು ಒಂದು ಹೆಜ್ಜೆ ಒಳಗೆ ಬಂತು. ಆಮೇಲೆ ಆಕೆ ಒಂದು ಕೀಲಿಯನ್ನು ಎಡಗೈಯಲ್ಲಿ ಅದುಮಿ ಹಿಡಿದು, ಇನ್ನೊಂದನ್ನು ಬಲಗೈಯಲ್ಲಿ ಒತ್ತಿದರು. ಅರ್ಧ ಪುಟವೂ ಹಾಗೇ ಮರಳಿ ಬಂತು. ಮುಂದಿನ ಅರ್ಧವನ್ನು ಆಕೆ ಹೊಲಿಗೆ ಮಿಷನ್ ತುಳಿದ ವೇಗದಲ್ಲಿ ಮುಗಿಸಿದರು.

ಪ್ರಿಂಟಾದ ಹಾಳೆಯನ್ನು ತಂದು ಅಧ್ಯಕ್ಷರ ಕೈಗೇ ಕೊಟ್ಟರು. ಪತ್ರ ಇದ್ದದ್ದು ಅವರಿಗೇ: ಮೂರನೇ ಅಡ್ಡರಸ್ತೆಯ ಬೀದಿದೀಪ ಯುಗಾದಿಯಿಂದ ಉರಿಯುತ್ತಿಲ್ಲ, ಸಂಘ ಏನು ಮಾಡುತ್ತಿದೆ? ಅಧ್ಯಕ್ಷರು ಎರಡು ಸಲ ಓದಿದರು. ಟೈಲರಮ್ಮ ಇನ್ನೊಂದು ಪ್ರತಿಯನ್ನೂ ಚಾಚಿ ಹೇಳಿದರು:

“ಇದಕ್ಕೊಂದು ಸೈನ್ ಹಾಕ್ಬಿಡಿ ಸಾರ್. ತಲುಪ್ತು ಅಂತ.”

ಅಧ್ಯಕ್ಷರು ಸಹಿ ಹಾಕಿದರು. ಕೇರಂ ಬೋರ್ಡು ಬಂದ ದಾರಿಯಲ್ಲೇ ಹಿಂತಿರುಗಿತು. ಅಂದು ಆ ಕೋಣೆಯಲ್ಲಿ ಎದ್ದ ಚಪ್ಪಾಳೆಯನ್ನು, ಇತಿಹಾಸ ದಾಖಲಿಸದ ಕಾರಣ, ನಾನು ಇಲ್ಲಿ ದಾಖಲಿಸುತ್ತಿದ್ದೇನೆ. ವಾರದೊಳಗೆ ದೀಪವೂ ಉರಿಯಿತು.

ಕೋಣೆಯ ಬೀಗದಕೈ ಇವತ್ತಿಗೂ ಟೈಲರಮ್ಮನ ಬಳಿಯೇ ಇದೆ. ಎರಡನೆಯ ತಂಡಕ್ಕೆ ಆಕೆಯೇ ಮೇಡಂ. ಕಲಿಯಲು ಬಂದು ಕಲಿಸುವವರನ್ನು ತಿದ್ದುವುದರಲ್ಲೇ ಎಂಟು ವಾರ ಕಳೆದಿದ್ದ ಫೋರ್‌ಮನ್ನರು, ಆ ತಂಡದಲ್ಲಿ ವಿದ್ಯಾರ್ಥಿಯಾಗಿ ಕುಳಿತರು. ಆಕೆಯಿಂದ ಬೈಸಿಕೊಂಡು, ಆರನೆಯ ವಾರ ತಮ್ಮ ಜೀವಮಾನದ ಮೊದಲ ಪತ್ರವನ್ನು ಟೈಪು ಮಾಡಿದರು. ಅದು ನನಗೆ.

ಹೋದ ವರ್ಷ ಅವರು ತೀರಿಕೊಂಡರು. ಮೂವತ್ತು ವರ್ಷ ಕಂಪ್ಯೂಟರ್ ಬಲ್ಲವನಾಗಿದ್ದ ನನ್ನನ್ನು, ಅದನ್ನು ಇನ್ನೊಬ್ಬರಿಗೆ ಕಲಿಸಬಲ್ಲವನನ್ನಾಗಿ ಮಾಡಿ ಹೋದರು. ಪತ್ರ ಬಳಗದ ಕಡತದಲ್ಲಿ ಭದ್ರವಾಗಿದೆ: “ಮಾನ್ಯ ಕಾರ್ಯದರ್ಶಿಗಳೇ, ಜನ ನಿಂತಿದ್ದಾರೆ. ಕುರ್ಚಿ ಸಾಲದು. ತರಿಸಿ.”

ಮೂರು ಸಲ ತರಿಸಿದ್ದೇನೆ. ಈಗ ದೂರದ ರಾಜಾನುಕುಂಟೆಯಿಂದಲೂ ಜನ ಬರುತ್ತಾರೆ. ಇನ್ನೂ ಸಾಲುತ್ತಿಲ್ಲ.