ಜಾಕ್ ರಿಪೇರಿಯವರ ಯೀಸ್ಟು

ನಾಯಂಡಹಳ್ಳಿಯಲ್ಲಿ ಲಾರಿ ಎತ್ತುವ ಹೈಡ್ರಾಲಿಕ್ ಜಾಕ್ ರಿಪೇರಿ ಮಾಡುತ್ತಿದ್ದವರೊಬ್ಬರು ಯಾವ ಸಿಲಿಂಡರನ್ನೂ ಒಮ್ಮೆಲೇ ಪೂರ್ತಿ ಒತ್ತಡಕ್ಕೆ ಏರಿಸುತ್ತಿರಲಿಲ್ಲ. ಸ್ವಲ್ಪ ಏರಿಸಿ, ಕಿವಿಯಿಟ್ಟು ಕೇಳಿ, ಇಳಿಸಿಬಿಡುತ್ತಿದ್ದರು; ಆಮೇಲೆಯೇ ಪೂರ್ತಿ ಏರಿಸುವುದು. "ಮೊದ್ಲು ಅದಕ್ಕೆ ಒಂಚೂರು ಗೊತ್ತಾಗ್ಲಿ ಮೇಡಂ," ಎನ್ನುತ್ತಿದ್ದರು.

ಯೀಸ್ಟ್ ಕೋಶಗಳು ಎಷ್ಟು ಒತ್ತಡ ತಾಳುತ್ತವೆ ಎಂಬುದು ನನ್ನ ಸಂಶೋಧನೆ. ಒಮ್ಮೆಲೇ ಪೂರ್ತಿ ಒತ್ತಡ ಕೊಟ್ಟಾಗ ಪ್ರತಿ ಸಲವೂ ಅವು ಸಾಯುತ್ತಿದ್ದವು. ಲ್ಯಾಬಿನ ಪಂಪು ಕೆಟ್ಟಾಗ ಕೋಶಗಳ ಟ್ಯೂಬನ್ನು ಇವರ ಬಳಿಗೇ ಒಯ್ದೆ. ಅವರು ಅದನ್ನು ಸಿಲಿಂಡರಿನೊಳಗಿಟ್ಟು, ತಮ್ಮ ರೂಢಿಯಂತೆ ಅರ್ಧ ಗಂಟೆ ಮೆಲ್ಲಗೆ ಒತ್ತಿ, ಇಳಿಸಿ, ಟೀ ತರಿಸಿದರು.

"ಅಣ್ಣಾ, ಮಧ್ಯದಲ್ಲೇ ಇಳಿಸಿಬಿಟ್ರಲ್ಲ, ಎಕ್ಸ್‌ಪೆರಿಮೆಂಟ್ ಹಾಳಾಯ್ತು!" ಎಂದು ರೇಗಿದೆ.

"ಟೀ ಆರ್ಲಿ, ಕೂತ್ಕೊಳ್ಳಿ," ಎಂದರು. ಟೀ ಆರಿ, ಅದನ್ನು ಕುಡಿದು ಮುಗಿಸುವಷ್ಟರಲ್ಲಿ ಹದಿನೈದು ನಿಮಿಷ; ಆಮೇಲೆಯೇ ಪೂರ್ತಿ ಒತ್ತಡ ಕೊಟ್ಟರು.

ಆ ಕೋಶಗಳನ್ನು ಲ್ಯಾಬಿನ ತಟ್ಟೆಯಲ್ಲಿ ಬೆಳೆಯಲು ಬಿಟ್ಟು ಎರಡು ದಿನದ ಮೇಲೆ ನೋಡಿದರೆ ತಟ್ಟೆ ತುಂಬ ಬಿಳಿ ಚುಕ್ಕೆಗಳು! ಬದುಕಿದ್ದವು! ಸಣ್ಣ ಒತ್ತಡಕ್ಕೆ ಎಚ್ಚೆತ್ತ ಕೋಶಗಳು ಆ ಬಿಡುವಿನಲ್ಲಿ ತಮ್ಮನ್ನು ಕಾಯುವ ಪ್ರೋಟೀನುಗಳನ್ನು ತಯಾರಿಸಿಕೊಂಡಿದ್ದವು. ತಟ್ಟೆ ಹಿಡಿದು ಅವರ ಶೆಡ್ಡಿಗೆ ಓಡಿದೆ. ಅವರು ಕೈ ಒರೆಸಿಕೊಂಡು, ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ಗೊತ್ತಾಗಿದೆ ಬಿಡಿ ಅವಕ್ಕೆ," ಎಂದರು.

ಎರಡು ಒತ್ತಡಗಳ ನಡುವೆ ಹದಿನೈದು ನಿಮಿಷ ಬಿಡಬೇಕೆಂದು ಹೇಗೆ ಹೊಳೆಯಿತು ಎಂದು ನಮ್ಮ ಪ್ರೊಫೆಸರ್ ಬೆರಗಾಗಿ ಕೇಳಿದರು.

"ನಾಯಂಡಹಳ್ಳಿಯಲ್ಲೊಬ್ರು ಬಿಸಿ ಟೀ ಕುಡಿಯಲ್ಲ ಸಾರ್," ಎಂದೆ.