ಪೆನ್ಸಿಲ್ ಮೇಲೆ ಹಾಕಿದ ಶಾಯಿ

ಹೋದ ವಾರ ಹಳೆಯ ರೇಷ್ಮೆ ರವಿಕೆಯೊಂದನ್ನು ಸಡಿಲ ಮಾಡಿಕೊಳ್ಳೋಣವೆಂದು ಪಕ್ಕದ ಹೊಲಿಗೆ ಬಿಚ್ಚಿದೆ. ಒಳಗೆ ಮಡಚಿದ್ದ ಬಟ್ಟೆಯ ಮೇಲೆ ನೀಲಿ ಸೀಮೆಸುಣ್ಣದ ಗುರುತುಗಳು ಇನ್ನೂ ಹಾಗೇ ಇದ್ದವು. ಅಳತೆಯ ಅಂಕಿಗಳೆಲ್ಲ ಗಾಳಿಗೆ ಬಾಗಿದ ಹುಲ್ಲಿನ ಹಾಗೆ ಎಡಕ್ಕೆ ವಾಲಿದ್ದವು. ಸ್ವಲ್ಪ ಹೊತ್ತು ಅದನ್ನು ಮುಟ್ಟಲು ಮನಸ್ಸಾಗಲಿಲ್ಲ...

ಎಂಬತ್ತರ ದಶಕದ ನಡುವಿನ ಮಾತು. ರಾಜಾಜಿನಗರದಲ್ಲಿ ಸಾಲಾಗಿ ನಾಲ್ಕು ಮನೆಗಳಿದ್ದ ವಠಾರದಲ್ಲಿ ನಾವಿದ್ದೆವು. ಗೋಡೆಯಾಚೆಯ ಮನೆ ಮಿಲಿಟರಿ ಅಂಕಲ್ ಅವರದು. ಆಂಟಿ ಮತ್ತು ಇಬ್ಬರು ಹೆಣ್ಣುಮಕ್ಕಳು ವರ್ಷವೆಲ್ಲ ಇಲ್ಲಿ, ಅಂಕಲ್ ಎಲ್ಲೋ ಗಡಿಯಲ್ಲಿ. ರಜೆಗೆ ಬಂದ ಮರುದಿನವೇ ಲುಂಗಿ ಎತ್ತಿ ಕಟ್ಟಿಕೊಂಡು ವಠಾರದ ನಲ್ಲಿ, ಬೀಗ, ಚಿಲಕಗಳನ್ನೆಲ್ಲ ಸರಿಮಾಡುತ್ತಿದ್ದರು. ಆದರೆ ಸೂಜಿಗೆ ದಾರ ಪೋಣಿಸಲು ಮಾತ್ರ ಬಾರದು. ಬಂದೂಕು ಬಿಚ್ಚಿ ಜೋಡಿಸೋ ಗಂಡಸಿಗೆ ಒಂದು ಗುಂಡಿ ಹಾಕೋಕೆ ಬರಲ್ಲ ನೋಡು ಎಂದು ಆಂಟಿ ಎಲ್ಲರೆದುರೇ ಛೇಡಿಸುತ್ತಿದ್ದರು. ಅಂಕಲ್ ನಗುತ್ತಿದ್ದರು.

ಆ ಸಲ ಬಂದಾಗ ನಗಲಿಲ್ಲ. ನಲ್ಲಿ ತೊಟ್ಟಿಕ್ಕುತ್ತಿದ್ದರೂ ಎದ್ದು ನೋಡಲಿಲ್ಲ.

ಅವರ ನೌಕರಿ ಮುಗಿಯುವುದಕ್ಕೆ ಒಂದು ವರ್ಷವಿತ್ತು. ಸೈನ್ಯ ಬಿಡುವವರಿಗೆ ಹೊರಗೆ ಹೊಟ್ಟೆಪಾಡಿಗಾಗಲೆಂದು ಯಾವುದಾದರೂ ಕಸುಬು ಕಲಿಸಿ ಕಳಿಸುತ್ತಿದ್ದರು. ಯಾವ ಕೋರ್ಸ್ ಬೇಕೆಂದು ಫಾರಂ ತುಂಬಿ ಕಳಿಸಬೇಕು. ನಾನಾಗ ಪಿಯುಸಿ. ಕಾನ್ವೆಂಟಿನಲ್ಲಿ ಓದಿದವಳೆಂದು ವಠಾರದ ಇಂಗ್ಲಿಷ್ ಫಾರಂಗಳೆಲ್ಲ ನನ್ನ ಹತ್ತಿರವೇ ಬರುತ್ತಿದ್ದವು. ಮೊದಲು ಪೆನ್ಸಿಲಿನಲ್ಲಿ ಬರೆದು, ಮೇಲೆ ಶಾಯಿ ಹಾಕಿ, ಒಣಗಿದ ಮೇಲೆ ಪೆನ್ಸಿಲ್ ಅಳಿಸುವುದು ನಮ್ಮ ಸಿಸ್ಟರ್‌ಗಳು ಕಲಿಸಿದ ಶಿಸ್ತು.

ಆಂಟಿ ಹಿಂದಿನ ದಿನವೇ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನನ್ನನ್ನು ನಿಲ್ಲಿಸಿಕೊಂಡಿದ್ದರು. ಅವರ ಅಣ್ಣ ಒಂದು ಕಾರ್ಖಾನೆಯಲ್ಲಿ ಮಾತಾಡಿ, ಬಸ್ ಡ್ರೈವರ್ ಕೆಲಸ ಗೊತ್ತುಮಾಡಿ ಇಟ್ಟಿದ್ದರು. ಲೈಸೆನ್ಸ್ ಒಂದಾದರೆ ಸಾಕು.

"ಡ್ರೈವಿಂಗ್ ಅಂತ ಬರಿ ಕಣೇ," ಅಂದರು. "ಒಬ್ಬರಿಗೆ ಒಂದೇ ಕೋರ್ಸಂತೆ. ತಪ್ಪಿದ್ರೆ ಮತ್ತೆ ಕೊಡಲ್ಲ. ಎರಡು ಹೆಣ್ಣುಮಕ್ಕಳು ನಂಗೆ."

ಮರುದಿನ ಬೆಳಿಗ್ಗೆ ಅಂಕಲ್ ಫಾರಂ ತಂದು ನಮ್ಮ ಜಗುಲಿಯ ಮೇಲೆ ಕೂತರು. ಬಾಗಿಲಲ್ಲಿ ಆಂಟಿ ನಿಂತಿದ್ದರು. ಹಾಳೆ ಬಿಡಿಸಿದೆ. ಕಸುಬಿನ ಜಾಗದಲ್ಲಿ ಯಾರೋ ಆಗಲೇ ಪೆನ್ಸಿಲಿನಲ್ಲಿ ‘ಟೈಲರಿಂಗ್’ ಎಂದು ಇಂಗ್ಲಿಷಿನಲ್ಲಿ ಬರೆದಿದ್ದರು. ಅಕ್ಷರಗಳೆಲ್ಲ ಎಡಕ್ಕೆ ವಾಲಿದ್ದವು. ಯಾರೋ ತಪ್ಪಾಗಿ ಬರೆದಿರಬೇಕೆಂದು ರಬ್ಬರ್ ತೆಗೆದೆ. ಅಂಕಲ್ ಹಾಳೆಯ ಮೇಲೆ ಅಂಗೈ ಇಟ್ಟುಬಿಟ್ಟರು.

"ಅಳಿಸಬೇಡ ಮಗು. ಅವನದು ಅಂತ ಉಳಿದಿರೋದು ಇದೊಂದೇ."

ಆಮೇಲೆ ತಡೆತಡೆದು ಹೇಳಿದರು. ಅವರ ಜೊತೆಗಾರನೊಬ್ಬ, ಧಾರವಾಡದ ಕಡೆಯವನು, ಎಡಚ. ಅವನ ತಂದೆ, ಅಜ್ಜ ಎಲ್ಲ ಹೊಲಿಗೆಯವರು. ಇಬ್ಬರೂ ಒಂದೇ ವರ್ಷ ಬಿಡುಗಡೆಯಾಗಿ, ಬೆಂಗಳೂರಿನಲ್ಲಿ ಒಟ್ಟಿಗೆ ಅಂಗಡಿ ಇಡುವುದೆಂದು ಮಾತಾಗಿತ್ತು. ಅವನದು ಕಟಿಂಗು, ಇವರದು ಹೊಲಿಗೆ. ನಿನಗೆ ಮನಸ್ಸು ಗಟ್ಟಿಯಿಲ್ಲ ಎಂದು ತಮಾಷೆ ಮಾಡಿ, ಇವರ ಫಾರಂನಲ್ಲೂ ತಾನೇ ಬರೆದಿಟ್ಟು ಮೇಲಿನ ಠಾಣೆಗೆ ಹೋದನಂತೆ. ಹಿಮ ಜಾರಿತು. ಹುಡುಕಿದರು, ಸಿಗಲಿಲ್ಲ...

ಬಾಗಿಲಲ್ಲಿದ್ದ ಆಂಟಿ ನನ್ನನ್ನೇ ನೋಡುತ್ತಿದ್ದರು. ಅಳಿಸಬಹುದಿತ್ತು. ಸತ್ತವರ ಅಕ್ಷರ ಅಳಿಸುವ ಧೈರ್ಯ ನನಗಾಗಲಿಲ್ಲ. ಅದರ ಮೇಲೇ ಪೆನ್ನು ಓಡಿಸಿದೆ. ನೆಟ್ಟಗೆ ಬರೆಯುವ ನನ್ನ ಕೈ ಒಂದೊಂದು ಅಕ್ಷರಕ್ಕೂ ಎಡಕ್ಕೆ ಬಾಗಬೇಕಾಯಿತು. ಚಿಕ್ಕಂದಿನಲ್ಲಿ ಅಪ್ಪ ಕೈ ಹಿಡಿದು ಅಕ್ಷರ ತಿದ್ದಿಸುತ್ತಿದ್ದರಲ್ಲ, ಹಾಗೆ ಯಾರೋ ನನ್ನ ಬೆರಳು ಹಿಡಿದು ತಿದ್ದಿಸಿದಂತಾಯಿತು. ಆ ಬೆರಳುಗಳು ತಣ್ಣಗಿದ್ದವು ಎಂದರೆ ನೀವು ನಂಬಲಿಕ್ಕಿಲ್ಲ. ಶಾಯಿ ಒಣಗಿದ ಮೇಲೂ ಪೆನ್ಸಿಲ್ ಅಳಿಸಲಿಲ್ಲ.

ಕಾರ್ಖಾನೆಯ ಕೆಲಸ ಬೇರೆಯವರಿಗೆ ಹೋಯಿತು. ಮರುವರ್ಷ ಅಂಕಲ್ ಕಸುಬು ಕಲಿತು, ಸೈನ್ಯ ಬಿಟ್ಟು ಬಂದರು. ವಠಾರದ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟರು. ಮೊದಲ ದಿನ ಅಮ್ಮನೂ ನಾನೂ ರವಿಕೆಯ ಕಣ ಕೊಡಲು ಹೋದೆವು. ಅಂಕಲ್ ಬಟ್ಟೆ ಹಾಸಿ, ಸೀಮೆಸುಣ್ಣ ಎತ್ತಿಕೊಂಡರು. ಎಡಗೈಯಲ್ಲಿ. ಅಲ್ಲಿಯವರೆಗೆ ಎಲ್ಲಕ್ಕೂ ಬಲಗೈ ಬಳಸುತ್ತಿದ್ದವರು ಕತ್ತರಿಯನ್ನೂ ಎಡಗೈಯಲ್ಲೇ ಹಿಡಿದರು. ಬಲಗೈಯವರ ಕತ್ತರಿ ಎಡಗೈಯಲ್ಲಿ ಬಟ್ಟೆಯನ್ನು ಅಗಿಯುತ್ತದೆ. ಅದು ಮಾತ್ರ ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು. ಅಮ್ಮ ನನ್ನ ಮೊಣಕೈ ಒತ್ತಿದರು.

ಹೊಲಿಗೆ ಎಷ್ಟು ಚೆನ್ನಾಗಿತ್ತೆಂದರೆ ವಿಜಯನಗರ, ಹೊಸಹಳ್ಳಿಯಿಂದೆಲ್ಲ ಹೆಂಗಸರು ಹುಡುಕಿಕೊಂಡು ಬಂದರು. ಮೂರು ತಲೆಮಾರಿನ ಕೈ ಇದು ಎಂದು ಒಬ್ಬರು ಹೊಗಳಿದರು. ಆಂಟಿ ಒಳಗೆದ್ದು ಹೋದರು.

ಒಂದು ಮಧ್ಯಾಹ್ನ ರವಿಕೆ ತರಲು ಒಬ್ಬಳೇ ಹೋಗಿದ್ದೆ. ಅಂಕಲ್ ಬೆನ್ನು ಮಾಡಿ, ಮೆಲ್ಲಗೆ ಏನೋ ಮಾತಾಡುತ್ತಾ ಬಟ್ಟೆ ಕತ್ತರಿಸುತ್ತಿದ್ದರು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. "ಅಂಕಲ್," ಎಂದೆ. ತಿರುಗಿದರು. ನನ್ನನ್ನು ಎಂದೂ ನೋಡದವರ ಹಾಗೆ ನೋಡಿದರು.

"ಯಾರವ್ವಾ ನೀ? ಏನ್ ಬೇಕಾಗಿತ್ತು?"

ಬೆಂಗಳೂರಿನಲ್ಲೇ ಹುಟ್ಟಿದ ಮನುಷ್ಯನ ಬಾಯಲ್ಲಿ ಧಾರವಾಡದ ಕಡೆಯ ಮಾತು... ಹೊರಗೆ ಬೀದಿಯಲ್ಲಿ ಸೈಕಲ್ ಬೆಲ್ ಕೇಳಿಸಿತು. ಅಂಕಲ್ ಕಣ್ಣುಜ್ಜಿಕೊಂಡು, "ಓ, ನೀನಾ ಮಗು, ಬಾ" ಎಂದರು. ನಾನು ರವಿಕೆ ತೆಗೆದುಕೊಂಡು ನೇರ ಆಂಟಿಯ ಅಡುಗೆಮನೆಗೆ ಓಡಿದೆ. ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಅವರು ಹುರುಳಿಕಾಯಿಯ ನಾರು ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ನಂಗೆ ಗೊತ್ತು ಕಣೇ. ಅಂಗಡಿ ನಡೀತಿದೆ, ಮಕ್ಕಳು ಓದ್ತಿದಾರೆ. ಅಲ್ಲಿ ಯಾರಾದ್ರೂ ಕೂತಿರಲಿ. ಊಟಕ್ಕೆ ಬಂದಾಗ ಬಲಗೈಲಿ ಅನ್ನ ಕಲಸ್ತಾರೆ. ಅದನ್ನ ನೋಡ್ಕೊಂಡೇ ನಾನು ಬಡಿಸೋದು."

ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮದುವೆಯಾಗಿ ನಾನು ಬಸವೇಶ್ವರನಗರಕ್ಕೆ ಬಂದೆ. ವಠಾರ ಕೆಡವಿದರು. ಅಂಕಲ್ ತೀರಿಕೊಂಡ ಸುದ್ದಿ ತಡವಾಗಿ ತಿಳಿದು, ಹೋಗಲಾಗಿರಲಿಲ್ಲ. ಮೊನ್ನೆ ತಡೆಯಲಾಗದೆ ಮೆಟ್ರೋ ಹತ್ತಿ ಕೆಂಗೇರಿಗೆ ಹೋದೆ. ಆಂಟಿ ಈಗ ದೊಡ್ಡ ಮಗಳ ಮನೆಯಲ್ಲಿದ್ದಾರೆ. ಕೂದಲು ಪೂರ್ತಿ ಬೆಳ್ಳಗಾಗಿದೆ, ಮಾತು ಹಾಗೇ ಇದೆ. ಮೊಮ್ಮಕ್ಕಳ ವಿಷಯ, ಮಂಡಿನೋವಿನ ವಿಷಯ ಎಲ್ಲ ಆಯಿತು. ನಾನು ಕೇಳಬೇಕೆಂದು ಹೋದದ್ದನ್ನು ಮಾತ್ರ ಇನ್ನೂ ಕೇಳಿರಲಿಲ್ಲ. ಅವರಿಗೇ ಗೊತ್ತಾಯಿತೇನೋ.

"ಕೊನೇ ಎರಡು ವರ್ಷ ನಾನೇ ತಿನ್ನಿಸ್ತಿದ್ದೆ ಕಣಮ್ಮ," ಅಂದರು.

ಕೈಗೆ ಸ್ವಾಧೀನ ಇರಲಿಲ್ಲವಾ ಎಂದು ಕೇಳಿದೆ.

"ಎರಡೂ ಕೈ ಚೆನ್ನಾಗೇ ಇತ್ತು. ಆದ್ರೂ ಯಾವ ಕೈ ಅನ್ನಕ್ಕೆ ಬರುತ್ತೋ ಅಂತ ನಾನೇ ತಿನ್ನಿಸ್ತಿದ್ದೆ."

ನಾನು ತಲೆಯಾಡಿಸಿದೆ. ಕ್ಷಮೆ ಕೇಳಬೇಕೆಂದು ಹೋಗಿದ್ದವಳು, ಅವರ ಮಗಳು ಕೊಟ್ಟ ಕಾಫಿ ಕುಡಿದು, ಕುಂಕುಮ ಇಟ್ಟುಕೊಂಡು ಎದ್ದೆ. ಅಂಕಲ್ ಈಗ ಇಲ್ಲ ಎನ್ನುವುದೊಂದೇ ನಮ್ಮಿಬ್ಬರಿಗೂ ಖಚಿತವಾಗಿ ಗೊತ್ತಿದ್ದದ್ದು. ಯಾವತ್ತಿನಿಂದ ಇಲ್ಲ ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.