ನನ್ನ ಮರಣ ದಾಖಲೆಯನ್ನು ನನ್ನಿಂದಲೇ ಕೇಳಿದರು

"ನಿಮ್ಮ ಯಜಮಾನ್ರ ಮೊದಲನೇ ಹೇಂತಿ ಈಗ ಎಲ್ಲಿ ಅದಾರ್ರಿ?"

ಗಂಡನ ತಿಂಗಳ ಕಾರ್ಯ ಮುಗಿಸಿ ಧಾರವಾಡದ ಒಂದು ಕಚೇರಿಗೆ ಹೋಗಿದ್ದೆ. ಅಲ್ಲಿನ ಗುಮಾಸ್ತರು ಹೀಗೆ ಕೇಳಿದರು. ದನಿಯಲ್ಲಿ ಕೊಂಕಿರಲಿಲ್ಲ, ಚಹಾ ಆಯ್ತೇನ್ರಿ ಎಂದು ಕೇಳಿದಷ್ಟೇ ಸಲೀಸಾಗಿತ್ತು. ಮೊದಲನೆಯವಳೂ ನಾನೇ, ಕೊನೆಯವಳೂ ನಾನೇ ಎಂದೆ. ಅವರು ಗಂಡನ ಸೇನೆಯ ದಾಖಲೆ ತಿರುಗಿಸಿ ತೋರಿಸಿದರು. "ಇಲ್ಲಿ ಹೇಂತಿ ಹೆಸರು ಚನ್ನವ್ವ ಅಂತ ಐತ್ರಿ. ನಿಮ್ಮ ಆಧಾರ್‌ನ್ಯಾಗ ಮಂಜುಳಾ. ಚನ್ನವ್ವಾರು ಇದ್ರ ಪಿಂಚಣಿ ಅವರಿಗೆ ಹೋಗಬೇಕು. ತೀರಿಕೊಂಡಿದ್ರ ಅವರ ಮರಣ ದಾಖಲೆ ತರ್ರಿ."

ಚನ್ನವ್ವ ಅಂದರೂ ನಾನೇ. ಹಾಗಾಗಿ ನನ್ನ ಮರಣ ದಾಖಲೆಯನ್ನು ನಾನೇ ಹುಡುಕಿ ತರಬೇಕಿತ್ತು.

ನನ್ನ ತವರು ಹುಣಸೂರಿನ ಕಡೆಯವರಾದ ನಿಮಗೆ ಇದು ವಿಚಿತ್ರ ಎನಿಸಬಹುದು. ನಮ್ಮಲ್ಲಿ ಹೆಣ್ಣು ಮದುವೆಯಾದರೆ ಮನೆ ಬದಲಾಗುತ್ತದೆ, ಹೆಸರು ಬದಲಾಗುವುದಿಲ್ಲ. ನನ್ನ ಅಣ್ಣ ಸೇನೆಯಲ್ಲಿದ್ದ. ಅವನ ಜೊತೆ ಒಂದೇ ಬ್ಯಾರಕ್‌ನಲ್ಲಿದ್ದ ಹೆಬ್ಬಳ್ಳಿಯ ಬಸವರಾಜರಿಗೆ ನನ್ನನ್ನು ಕೊಟ್ಟ. ಹೆಬ್ಬಳ್ಳಿ ಧಾರವಾಡದ ಮಗ್ಗುಲಿನ ಬೇಸಾಯದ ಊರು. ಅಕ್ಷತೆ ಬಿದ್ದ ಮೇಲೆ ಅತ್ತೆ ಒಂದು ತಾಟಿನ ತುಂಬ ಅಕ್ಕಿ ಹರವಿ ಮಗನ ಮುಂದಿಟ್ಟರು. ನನ್ನ ಗಂಡ ಬೆರಳಿನ ಉಂಗುರ ತೆಗೆದು, ಅದರಿಂದ ಅಕ್ಕಿಯ ಮೇಲೆ 'ಚನ್ನವ್ವ' ಎಂದು ಬರೆದರು. ಯಾರ ಹೆಸರೋ ಇರಬೇಕೆಂದುಕೊಂಡೆ. ಐದು ಜನ ಮುತ್ತೈದೆಯರು ನನ್ನ ಕಿವಿಯಲ್ಲಿ ಆ ಹೆಸರು ಕೂಗಿದಾಗಲೇ ಅದು ನನ್ನದೆಂದು ತಿಳಿದದ್ದು. ಅವತ್ತು ಮದುಮಗಳೆಂಬುದನ್ನೂ ಮರೆತು ಬಿಕ್ಕಿ ಬಿಕ್ಕಿ ಅತ್ತಿದ್ದೆ.

ಚನ್ನವ್ವ ನನ್ನ ಅತ್ತೆಯ ಅತ್ತೆಯ ಹೆಸರು. ಇದರಿಂದ ಒಂದು ಅನುಕೂಲವೂ ಆಯಿತು. ಹಿರಿಯರ ಹೆಸರು ಹಿಡಿದು ಬೈಯಬಾರದಂತೆ. ಅತ್ತೆಗೆ ನನ್ನ ಮೇಲೆ ಎಷ್ಟು ಸಿಟ್ಟು ಬಂದರೂ ಬಾಯಿಗೆ ಬಂದ ಹೆಸರು ನುಂಗಿಕೊಂಡು ಎಮ್ಮೆಗೆ ಬೈಯುತ್ತಿದ್ದರು. ಆ ಮನೆಯ ಎಮ್ಮೆ ನನ್ನ ಪಾಲಿನದೆಲ್ಲ ಕೇಳಿಸಿಕೊಂಡಿದೆ.

ಮದುವೆ ಮುಗಿಸಿ ಡ್ಯೂಟಿಗೆ ಮರಳಿದವರು ಹೆಂಡತಿಯ ಹೆಸರು ಚನ್ನವ್ವ ಎಂದೇ ಬರೆಸಿದರು. ತಾಯಿ ಇಟ್ಟದ್ದು, ತಾವೇ ಉಂಗುರದಿಂದ ಬರೆದದ್ದು, ಅದಲ್ಲದೆ ಬೇರೆ ಹೆಸರು ಬರೆಸಬೇಕೆಂದು ಅವರಿಗೆ ಹೊಳೆಯಲೇ ಇಲ್ಲ. ಈ ಭಾಗದ ಎಷ್ಟೋ ಯೋಧರು ಹೀಗೆ ಮಾಡಿದ್ದಾರೆ, ಇದರಲ್ಲಿ ಅವರ ತಪ್ಪೇನೂ ನನಗೆ ಕಾಣುವುದಿಲ್ಲ. ಸೇನೆಯ ಆಸ್ಪತ್ರೆಯಲ್ಲಿ ಚನ್ನವ್ವ ಎಂದು ಕೂಗಿದರೆ ನಾನೂ ಎದ್ದು ಹೋಗುತ್ತಿದ್ದೆ. ಆಧಾರ್ ಮಾಡಿಸುವಾಗ ಮಾತ್ರ ಶಾಲೆಯ ಪ್ರಮಾಣಪತ್ರ ಕೊಟ್ಟೆ. ಅದರಲ್ಲಿ ಮಂಜುಳಾ ಎಂದಿತ್ತು.

ಅವರು ನಿವೃತ್ತರಾಗಿ ವಿದ್ಯಾನಗರದ ಒಂದು ಕಾಲೇಜಿನಲ್ಲಿ ಕಾವಲು ಕೆಲಸ ಹಿಡಿದ ಮೇಲೆ ಹುಬ್ಬಳ್ಳಿ ನನ್ನ ಊರಾಯಿತು. ಬಾಡಿಗೆ ಮನೆಗೆ ಅಲೆದದ್ದು, ರೊಟ್ಟಿ ಕಲಿತದ್ದು ಎಲ್ಲ ಆಗಲೇ. ನಮ್ಮ ರಾಗಿ ಮುದ್ದೆಯಾದರೆ ಕೋಲು ತಿರುಗಿಸುವ ತೋಳಿನ ಬಲ ನೋಡುತ್ತದೆ. ಜೋಳದ ರೊಟ್ಟಿಗೆ ಅಂಗೈ ಹದ ಬೇಕು, ನನ್ನದು ಬಹಳ ದಿನ ಅಂಚು ಹರಿದ ಭೂಪಟವೇ ಆಗುತ್ತಿತ್ತು. ಹುಬ್ಬಳ್ಳಿ ಧಾರವಾಡದ ನಡುವೆ ಓಡುವ ಬಸ್ಸಿಗೆ ಇಲ್ಲಿ ಚಿಗರಿ ಎನ್ನುತ್ತಾರೆ, ಅಂದರೆ ಜಿಂಕೆ. ಆ ಬಸ್ಸಿನಲ್ಲಿ ಒಬ್ಬಳೇ ಧಾರವಾಡಕ್ಕೆ ಹೋಗಿ ಬಂದ ದಿನ ಗೆದ್ದು ಬಂದವಳಂತೆ ಬೀಗಿದ್ದೆ. ಮುಂದೆ ಅದೇ ಬಸ್ಸಿನಲ್ಲಿ ಕಚೇರಿಗೆ ಅಲೆದೂ ಅಲೆದೂ ಸವೆಯುತ್ತೇನೆಂದು ಆಗ ಗೊತ್ತಿರಲಿಲ್ಲ.

ಎರಡೂ ಹೆಸರಿನಿಂದ ನನ್ನನ್ನು ಕರೆದವರು ನಮ್ಮ ಯಜಮಾನರೊಬ್ಬರೇ. ತಾಯಿಯ ಎದುರು, ಊರಿನಲ್ಲಿ, ನಾನು ಚನ್ನವ್ವ. ಮನೆಯಲ್ಲಿ ನಾವಿಬ್ಬರೇ ಇದ್ದರೆ ಮಂಜುಳಾ. ಒಂದು ದಿನ ಎದೆನೋವೆಂದು ಕೂತವರು ಏಳಲೇ ಇಲ್ಲ. ಎರಡು ಹೆಸರನ್ನೂ ಸೇರಿಸಿ ಹಿಡಿದಿದ್ದವರು ಅವರೇ ಆಗಿದ್ದರು ಎಂದು ಆ ಕಚೇರಿಯ ಕಿಟಕಿಯ ಮುಂದೆ ನಿಂತಾಗ ನನಗೆ ಅರ್ಥವಾಯಿತು.

ನಮ್ಮ ಕಡೆಯ ಕಚೇರಿಗಳಲ್ಲಿ ಇಲ್ಲ ಎನ್ನುವವರು ಮುಖಕ್ಕೆ ಹೊಡೆದಂತೆ ಹೇಳುತ್ತಾರೆ. ನಾವೂ ನಾಲ್ಕು ಮಾತು ತಿರುಗಿ ಆಡಿ ಎದೆ ಹಗುರ ಮಾಡಿಕೊಳ್ಳುತ್ತೇವೆ. ಇಲ್ಲಿ ಆ ಸುಖವೂ ಇಲ್ಲ. ಪ್ರತಿ ಮಾತಿಗೂ ಒಂದು 'ರಿ' ಇರುತ್ತದೆ. "ಆಗಂಗಿಲ್ರಿ ಅಕ್ಕಾರ." "ಸಾಹೇಬ್ರು ಇಲ್ರಿ, ನಾಳಿ ಬರ್ರಿ." ಇಷ್ಟು ಮರ್ಯಾದೆಯಿಂದ ಹೊರಗೆ ಕಳಿಸುವವರ ಜೊತೆ ಜಗಳ ಆಡುವುದಾದರೂ ಹೇಗೆ? ಕೋಪವನ್ನು ಮನೆಗೇ ಹೊತ್ತು ತಂದು ಹಿಟ್ಟು ನಾದುತ್ತಿದ್ದೆ. ಆ ದಿನಗಳಲ್ಲಿ ನನ್ನ ರೊಟ್ಟಿ ಸುಧಾರಿಸಿತು.

ಪಿಂಚಣಿ ನಿಂತಿತ್ತು, ಅದರ ಜೊತೆಗೇ ಆಸ್ಪತ್ರೆಯ ಕಾರ್ಡೂ. ಇವೆರಡೂ ಸಿಗಬೇಕಾದರೆ ನಾನು ಅವರ ಹೆಂಡತಿ ಎಂದು ಮೊದಲು ಆ ಕಚೇರಿ ಒಪ್ಪಬೇಕಿತ್ತು. ಲಗ್ನಪತ್ರಿಕೆ ತೋರಿಸಿದರೆ, ಅದನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು ಎಂದರು. ಹುಣಸೂರಿನಿಂದ ಅಣ್ಣ ಫೋನಿನಲ್ಲಿ, "ನಾನೇ ಬಂದು ಹೇಳ್ಬುಡ್ತೀನಿ ಕಣವ್ವ, ನಾನೇ ತಾನೆ ಧಾರೆ ಎರೆದಿದ್ದು" ಎಂದ. ಕಚೇರಿಯವರು ಮಾತ್ರ ತವರಿನವರ ಮಾತು ನಡೆಯುವುದಿಲ್ಲ, ಗಂಡನ ಊರಿನ ಹಿರಿಯರೇ ಬರೆದುಕೊಡಬೇಕು ಎಂದರು.

ಹೆಬ್ಬಳ್ಳಿಗೆ ಹೋಗಿ ಹಿರಿಯರ ಮುಂದೆ ಕೂತೆ. ಅವರಲ್ಲಿ ದೊಡ್ಡವರು ಹೇಳಿದರು: "ಚನ್ನವ್ವ ನಮ್ಮ ಊರ ಸೊಸಿ. ಆಕಿ ಬಗ್ಗೆ ಎಲ್ಲಿ ಬೇಕಾದ್ರೂ ಬಂದು ಹೇಳ್ತೇವಿ. ಆದ್ರ ಮಂಜುಳಾ ಅಂದ್ರ ಯಾರು ಅನ್ನೂದು ನಮಗ ಗೊತ್ತಿಲ್ಲವಾ. ಗೊತ್ತಿಲ್ಲದ್ದಕ್ಕ ಸಹಿ ಹೆಂಗ ಮಾಡೂದು?"

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ನನ್ನ ಮದುವೆಯ ಊಟ ಉಂಡವರೇ ಅವರೆಲ್ಲ, ಆದರೆ ಬಂದ ಸೊಸೆಯ ಹಳೇ ಹೆಸರು ಯಾರು ನೆನಪಿಟ್ಟುಕೊಳ್ಳುತ್ತಾರೆ? ಹೆಬ್ಬಳ್ಳಿಯಲ್ಲಿ ಮಂಜುಳಾಳನ್ನು ಬಲ್ಲವರಿಲ್ಲ, ಹುಣಸೂರಿನ ನಿಮ್ಮಲ್ಲಿ ಚನ್ನವ್ವನನ್ನು ಬಲ್ಲವರಿಲ್ಲ. ಎರಡೂ ಊರಿನ ನಡುವೆ ನಾನು ಯಾರೂ ಅಲ್ಲದವಳಾಗಿ ಬಸ್ಸು ಹತ್ತಿದೆ.

ಇಷ್ಟರ ನಡುವೆ ಮನೆಗೆ ಒಂದು ಆಮಂತ್ರಣ ಬಂತು. ಸ್ವಾತಂತ್ರ್ಯ ದಿನದಂದು ಮಾಜಿ ಯೋಧರ ಪತ್ನಿಯರಿಗೆ ಸನ್ಮಾನವಂತೆ. ಮೇಲೆ ಬರೆದ ಹೆಸರು ಶ್ರೀಮತಿ ಚನ್ನವ್ವ. ಪಿಂಚಣಿ ಕೊಡಲು ಸಿಗದೇ ಇದ್ದ ಚನ್ನವ್ವ ಶಾಲು ಹೊದಿಸಲು ಎಷ್ಟು ಸುಲಭವಾಗಿ ಸಿಕ್ಕಿಬಿಟ್ಟಿದ್ದಳು! ಹೋಗಬಾರದೆಂದುಕೊಂಡೆ. ಆದರೆ ಮುಖ್ಯ ಅತಿಥಿಗಳ ಹೆಸರು ನೋಡಿ ಹೋದೆ. ನನ್ನ ಕಡತ ಇದ್ದದ್ದು ಅದೇ ಸಾಹೇಬರ ಮೇಜಿನ ಮೇಲೆ.

ವೇದಿಕೆಯಲ್ಲಿ ಆಧಾರ್ ಕೇಳಲಿಲ್ಲ. ಸಾಹೇಬರು ಶಾಲು ಬಿಡಿಸಿ ಹತ್ತಿರ ಬಂದಾಗ ನಾನು ಅದನ್ನು ಕೈಯಿಂದ ತಡೆದು, "ಸರ್, ನಾನು ಯಾರು?" ಎಂದೆ. ಅವರು ಗಲಿಬಿಲಿಯಾಗಿ ನಿರೂಪಕರ ಕಡೆ ನೋಡಿದರು. ಆಮೇಲೆ ಧ್ವನಿವರ್ಧಕದಲ್ಲೇ ಹೇಳಿದರು: "ಹವಾಲ್ದಾರ್ ಬಸವರಾಜ ಅವರ ಧರ್ಮಪತ್ನಿ, ಚನ್ನವ್ವಾರು." ಜನ ಚಪ್ಪಾಳೆ ಹೊಡೆದರು. ನಾನು ಶಾಲು ಹೊದ್ದುಕೊಂಡೆ.

ಮಾರನೇ ದಿನ ಅದೇ ಶಾಲು ಹೊದ್ದು ಅವರ ಕಚೇರಿಗೆ ಹೋದೆ. "ನಿನ್ನೆ ಎಲ್ಲರೆದುರು ಹೇಳಿದ್ದನ್ನೇ ಇವತ್ತು ಬರೆದುಕೊಡಿ" ಎಂದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ, ಕುರ್ಚಿಯನ್ನೂ ತೋರಿಸಿದರು. "ಅದು ಕಾರ್ಯಕ್ರಮ್ರಿ ಅಕ್ಕಾರ. ಇದು ಕಚೇರಿ."

ಗಡಿಯಲ್ಲಿ ಹಿಮದೊಳಗೆ ನಿಂತಿದ್ದವರು ಕಾರ್ಯಕ್ರಮಕ್ಕಾಗಿ ನಿಂತಿರಲಿಲ್ಲ. ವರ್ಷಕ್ಕೊಮ್ಮೆ ತೋರಿಸುವ ಈ ಭಕ್ತಿಯಲ್ಲಿ ಒಂದು ಚೂರು ಸೋಮವಾರದ ಬೆಳಿಗ್ಗೆ ಆ ಕಿಟಕಿಯ ಹಿಂದೆ ಉಳಿದಿದ್ದರೆ ಸಾಕಿತ್ತು. ನಾನು ಕೇಳಿದ್ದು ದಾನವಲ್ಲ, ಗಂಡ ದುಡಿದಿಟ್ಟು ಹೋದದ್ದು.

ಶಾಲನ್ನು ಅಲ್ಲೇ ಅವರ ಮೇಜಿನ ಮೇಲೆ ಮಡಿಸಿಟ್ಟು ನೇರ ಹೆಬ್ಬಳ್ಳಿಗೆ ಹೋದೆ. ಮಗ ಹೋದಂದಿನಿಂದ ಅತ್ತೆ ಹೊಸ್ತಿಲು ದಾಟಿರಲಿಲ್ಲ. ಅದಕ್ಕೇ ಅವರನ್ನು ಈ ಅಲೆದಾಟಕ್ಕೆ ಎಳೆಯಬಾರದೆಂದುಕೊಂಡಿದ್ದೆ. ಅವತ್ತು ಎಲ್ಲ ಮರೆತು, "ನೀವು ಇಟ್ಟ ಹೆಸರೇ ನನ್ನ ಕುತ್ತಿಗೆಗೆ ಬಂತು ಅತ್ತೀ. ಅವರ ಹೆಂಡ್ತಿನೇ ಅಲ್ಲ ಅಂತಿದಾರೆ ನನ್ನ" ಎಂದು ಕೂಗಾಡಿಬಿಟ್ಟೆ. ಅವರು ಅವತ್ತು ಆ ಎಮ್ಮೆಗೂ ಬೈಯಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಇಳಕಲ್ ಸೀರೆ ಉಟ್ಟು ಕಟ್ಟೆಯ ಮೇಲೆ ಕೂತಿದ್ದರು. "ನಡಿ, ಬಸ್ಸು ಬರೂ ಹೊತ್ತಾತು" ಎಂದರು.

ಬಸ್ಸಿನಲ್ಲಿ ಅವರ ತುಟಿ ಅಲುಗುತ್ತಿತ್ತು. ಜಪ ಮಾಡುತ್ತಿದ್ದಾರೆ ಎಂದುಕೊಂಡೆ. ಕಿವಿಗೊಟ್ಟು ಕೇಳಿದರೆ, "ಮಂಜುಳಾ, ಮಂಜುಳಾ" ಎಂದು ಬಾಯಿಪಾಠ ಮಾಡುತ್ತಿದ್ದರು. ಇಷ್ಟು ವರ್ಷ ಒಮ್ಮೆಯೂ ಆಡದ ಹೆಸರು ಕಚೇರಿಯಲ್ಲಿ ಬಾಯಿಗೆ ಬರದಿದ್ದರೆ ಎಂಬ ಭಯ ಅವರಿಗೆ.

ಸಾಹೇಬರ ಎದುರು ಅವರು ನನ್ನ ತೋಳು ಹಿಡಿದು ನಿಂತರು. "ಇಕಿ ಮಂಜುಳಾ ಅಂತ ನಮ್ಮ ಮನಿಗೆ ಬಂದಾಕಿ. ಚನ್ನವ್ವ ಅಂತ ಮಾಡಿದಾಕಿ ನಾನು. ನನ್ನ ಮಗಗ ಇದ್ದದ್ದು ಇಕಿ ಒಬ್ಬಾಕಿನ."

ಸಾಹೇಬರು ತಗ್ಗಿದ ದನಿಯಲ್ಲಿ, "ಅಜ್ಜಿ, ವಿಚಾರ ಮಾಡ್ರಿ. ಹೇಂತಿ ಇಲ್ಲಂತ ಆದ್ರ ಪಿಂಚಣಿ ತಾಯಿಗೆ ಬರಬಹುದು. ನೀವು ಹಿಂಗ ಹೇಳಿದ್ರ ನಿಮಗ ಏನೂ ಬರಂಗಿಲ್ಲ" ಎಂದರು.

"ನನಗ ಬರಬೇಕಾದಾಂವ ಇನ್ನ ಬರಂಗಿಲ್ಲಪಾ" ಎಂದರು ಅತ್ತೆ. "ಅಂವಾ ಗಡಿಯೊಳಗ ನಿಂತಾಗ ನಿನ್ನ ಹೇಂತಿ ಯಾರಂತ ನೀವು ಕೇಳಲಿಲ್ಲ. ಸತ್ತ ಮ್ಯಾಲೆ ಕೇಳಾಕತ್ತೀರಿ. ಬರಕೋ, ನಾ ಹೆಬ್ಬಟ್ಟು ಒತ್ತತೇನಿ."

ತಾಯಿಯೇ ತನ್ನ ಹಕ್ಕು ಬಿಟ್ಟು ಹೇಳಿದ ಮಾತನ್ನು ಕಚೇರಿಗೆ ತಳ್ಳಿಹಾಕಲಾಗಲಿಲ್ಲ. ಈಗ ನಾನು ಸರ್ಕಾರದ ಪ್ರಕಾರ ಮಂಜುಳಾ ಉರುಫ್ ಚನ್ನವ್ವ. ಪಿಂಚಣಿ ಬರುತ್ತಿದೆ. ಸಿಟ್ಟು ಹೋಗಿಲ್ಲ, ಹೋಗಬಾರದು ಕೂಡ. ಅತ್ತೆ ಇಲ್ಲದ, ಅಥವಾ ಅಂಥ ಮನಸ್ಸಿನ ಅತ್ತೆ ಇಲ್ಲದ ಎಷ್ಟು ಜನ ಚನ್ನವ್ವರು ಆ ಕಿಟಕಿಯಿಂದ ಸುಮ್ಮನೆ ಹಿಂದಿರುಗಿದ್ದಾರೋ.

ನಿಮ್ಮಲ್ಲಿಗೆ ಬಂದಾಗ ಯಾರಾದರೂ ಮಂಜುಳಾ ಎಂದು ಕೂಗಿದರೆ ತಿರುಗಲು ನನಗೆ ಸ್ವಲ್ಪ ತಡವಾಗುತ್ತದೆ, ಜಂಬ ಬಂದಿದೆ ಎಂದುಕೊಳ್ಳಬೇಡಿ. ಇಲ್ಲಿ ಚನ್ನವ್ವ ಎಂದರೆ ಥಟ್ಟನೆ ತಿರುಗುತ್ತೇನೆ, ಆದರೂ ನೆರೆಯವರು ನನ್ನ ಮಾತು ಕೇಳಿ, "ನೀವು ಮೈಸೂರು ಕಡಿಯವರೇನ್ರಿ?" ಎಂದು ಈಗಲೂ ಕೇಳುತ್ತಾರೆ.

ಅವತ್ತು ಕಚೇರಿಯಿಂದ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಾಗ ಅತ್ತೆ ಕೇಳಿದ್ದರು: "ಇನ್ನ ನಿನ್ನ ಏನಂತ ಕರೀಲಿ? ನಿಮ್ಮವ್ವ ಇಟ್ಟ ಹೆಸರು ಈಗ ಬಾಯಿಗೆ ಬರತೈತಿ."

ಹೊಸದಾಗಿ ಬಂದಾಗ ಯಾರಾದರೂ ಇದನ್ನು ಕೇಳಲಿ ಎಂದು ಎಷ್ಟು ಹಂಬಲಿಸಿದ್ದೆ. ಆದರೆ ಈ ನೆಲದಲ್ಲಿ ಮಂಜುಳಾ ಎಂದು ಕರೆಯುತ್ತಿದ್ದ ದನಿ ಒಂದೇ ಆಗಿತ್ತು. ಅದರ ಮೇಲೆ ಇನ್ನೊಂದು ದನಿ ಕೂರುವುದು ನನಗೆ ಬೇಡವಾಗಿತ್ತು.

"ಚನ್ನವ್ವ ಅಂತನ ಕರೀರಿ ಅತ್ತೀ" ಎಂದೆ.